ಹಸಿರು ತುಂಡಿನ ಸಣ್ಣ ಹೊಲಿಗೆ

ದುರಗವ್ವ ಬದುಕಿದ್ದಾಗಲೇ ಅವಳು ಸತ್ತುಹೋದಳೆಂದು ಹೇಳಿದವಳು ನಾನು. ಬಾಯಿತಪ್ಪಿ ಹೇಳಿದ್ದಲ್ಲ. ಯಾರೋ ಹೇಳಿದ್ದನ್ನು ನಂಬಿ ಹೇಳಿದ್ದೂ ಅಲ್ಲ. ಅವಳು ನನ್ನಿಂದ ಹತ್ತು ಹೆಜ್ಜೆ ಆಚೆ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ನಾನು ಒಳಗೆ ಫೋನಿನಲ್ಲಿ, "ಇಲ್ಲರಿ, ಹ್ವಾದ ವರ್ಷ ತೀರಿಕೊಂಡ್ರು" ಅಂದೆ.

ಇದನ್ನು ಮೊನ್ನೆ ಮೊನ್ನೆಯವರೆಗೆ ಯಾರ ಮುಂದೂ ಹೇಳಿರಲಿಲ್ಲ. ಹೇಳಲು ಹೊರಟಾಗಲೆಲ್ಲ ನನ್ನನ್ನೇ ಒಳ್ಳೆಯವಳನ್ನಾಗಿ ಮಾಡಿಕೊಳ್ಳುವ ಮಾತುಗಳು ಮೊದಲು ಬಾಯಿಗೆ ಬರುತ್ತವೆ — ಆಗ ಹಾಗಿತ್ತು, ಹೀಗಿತ್ತು, ನನಗೂ... ಅವನ್ನೆಲ್ಲ ಬದಿಗಿಟ್ಟು ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಸವಣೂರಿನಲ್ಲಿ ನನ್ನ ಬಾಯಿಯ ಸುದ್ದಿ ಎಲ್ಲರಿಗೂ ಗೊತ್ತು, ಗಿರಾಕಿಗಳು ಹೆದರಿಯೇ ಒಳಗೆ ಬರುತ್ತಾರೆ. ಅಂಥ ಬಾಯಿಂದ ಈ ಒಂದು ಮಾತು ಮಾತ್ರ ಮೂರು ವರ್ಷ ಹೊರಗೆ ಬರಲಿಲ್ಲ.

ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿ ಬ್ಯಾನರು. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದೇನೆ. ಈ ಕೆಲಸದಲ್ಲಿ ಒಂದು ತಪ್ಪು ಮಾತ್ರ ಆಗಬಾರದು — ಬದುಕಿದ್ದವರ ಹೆಸರಿನ ಹಿಂದೆ 'ದಿ.' ಬೀಳಬಾರದು. ಅಂಗಡಿ ಹಾಕಿದ ಹೊಸತರಲ್ಲಿ ಹಿರೇಕೆರೂರಿನ ಒಂದು ಲಗ್ನಪತ್ರಿಕೆಯಲ್ಲಿ ಹುಡುಗಿಯ ದೊಡ್ಡಪ್ಪನ ಹೆಸರಿನ ಹಿಂದೆ ಹಾಗೆ ಅಚ್ಚಾಗಿಬಿಟ್ಟಿತ್ತು. ಹಳೆಯ ಫೈಲು ತೆರೆದು ಅದರ ಮೇಲೇ ಹೊಸ ಹೆಸರು ಕುಟ್ಟಿದ್ದೆ, 'ದಿ.' ಅಳಿಸುವುದು ಮರೆತಿತ್ತು. ಆ ದೊಡ್ಡಪ್ಪ ಸ್ವತಃ ಬಸ್ಸು ಹತ್ತಿ ಬಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, "ತಂಗಿ, ನಾ ಇನ್ನೂ ಅದೇನವಾ" ಅಂದಿದ್ದರು. ಬೈಯಲಿಲ್ಲ. ಅಷ್ಟೂ ಕಾರ್ಡು ಮತ್ತೆ ಅಚ್ಚು ಹಾಕಿ ಕೊಟ್ಟೆ. ಅವತ್ತಿನಿಂದ ಆ ಒಂದು ಅಕ್ಷರ ಹಾಕುವ ಮೊದಲು ಮನೆಯವರನ್ನು ಎರಡು ಸಲ ಕೇಳುವುದು ರೂಢಿ ಮಾಡಿಕೊಂಡೆ. ಅಂದರೆ ನಾನು ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗೂ ಇಲ್ಲ.

ಆ ಕೆಲಸ ನನಗೆ ಬೇಸರ ಬಂದಿತ್ತು, ಅದು ನಿಜ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರದೇ ಮದುವೆಯಿರಲಿ, ಅದೇ ಮೂರು ಬಾರ್ಡರು, ಅದೇ ಎರಡು ನವಿಲು. "ಹೊಸಾದ ಏನರ ಮಾಡ್ರಿ" ಅಂದವರಿಗೆ ನವಿಲಿನ ಬಣ್ಣ ಬದಲಿಸಿ ಕೊಡುತ್ತಿದ್ದೆ. ಹೊಸದೇನು ಸಿಕ್ಕೀತೆಂದು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದಾಗ ಒಂದು ಪುಟ ಸಿಕ್ಕಿತು. ಪರದೆಯ ಎಡಕ್ಕೆ ಕೋಡ್ ಬರೆಯುವುದು, ಬಲಕ್ಕೆ ಅದು ಚಿತ್ರವಾಗಿ ಮೂಡುವುದು. ದುಡ್ಡು ಕೊಡಬೇಕಿಲ್ಲ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಇಂಥ ಕಡೆ ಒಂದು ಗೆರೆ, ಇಷ್ಟು ದಪ್ಪ, ಹತ್ತು ಸಲ, ಪ್ರತಿ ಸಲ ಚೂರು ಸರಿದು — ಎಂದು ಬರೆದರೆ ಹಾಗೇ ಬರುತ್ತಿತ್ತು. ಇದಕ್ಕೆ ಕ್ರಿಯೇಟಿವ್ ಕೋಡಿಂಗ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಗಿರಾಕಿ ಇಲ್ಲದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಇಂಗ್ಲಿಷ್ ವಿಡಿಯೋಗಳನ್ನು ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಕೇಳಿ ಕಲಿತೆ.

ಕಲಿತೆ, ಆದರೆ ಬಿಡಿಸಲು ನನ್ನದು ಅಂತ ಏನೂ ಇರಲಿಲ್ಲ. ಯಾವುದೋ ದೇಶದವರು ಮಾಡಿಟ್ಟ ಅಲೆ, ಹೂ, ಸುರುಳಿಗಳನ್ನು ತೆಗೆದುಕೊಂಡು ಬಣ್ಣ ಬದಲಿಸುತ್ತಿದ್ದೆ. ಅದೂ ನವಿಲಿನ ಕಥೆಯೇ. ಇಂಥ ಚಿತ್ರ ಮಾಡುವವರ ಒಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ಹಾಕಿದರೆ ಒಬ್ಬರು, "ಚೆನ್ನಾಗಿದೆ, ಇದನ್ನು ಎಲ್ಲೋ ನೋಡಿದ್ದೆ" ಅನ್ನುತ್ತಿದ್ದರು. ಇನ್ನೊಬ್ಬರು, "ನಿಮ್ಮ ಸುತ್ತಮುತ್ತ ನೋಡಿ" ಅಂದರು. ನನಗೆ ಸಿಟ್ಟು ಬಂತು. ಸುತ್ತಮುತ್ತ ಏನಿದೆ — ಪಕ್ಕದಲ್ಲಿ ಹಿಟ್ಟಿನ ಗಿರಣಿ, ಎದುರಿಗೆ ಎಣ್ಣೆ ಅಂಗಡಿ, ಕಟ್ಟೆಯ ಮೇಲೆ ಹರಕು ಸೀರೆ ಹರವಿಕೊಂಡು ಕುಳಿತ ದುರಗವ್ವ.

ದುರಗವ್ವ ಹತ್ತಿಮತ್ತೂರಿನವಳು. ವರ್ಷಕ್ಕೆ ಎರಡು ಮೂರು ಸಲ ಸವಣೂರಿಗೆ ಬಂದು, ಮನೆಮನೆಯ ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದು ಕೊಡುತ್ತಿದ್ದಳು. ನಮ್ಮ ಮನೆಯ ಮುಂಭಾಗವೇ ನನ್ನ ಅಂಗಡಿ. ನಮ್ಮ ಆಯಿ, ಅಂದರೆ ಅಜ್ಜಿ, ಇದ್ದಾಗಿನಿಂದ ಅವಳು ಆ ಕಟ್ಟೆಗೆ ಬರುತ್ತಿದ್ದಳು. ನಮ್ಮದು ಅಡತಿ ದಲ್ಲಾಳಿ ವ್ಯಾಪಾರದ ಮನೆತನ, ಅವಳು ಕೇರಿಯವಳು. ಅವಳ ಚಹಾದ ಲೋಟ ಬೇರೆ ಇತ್ತು, ಕಟ್ಟೆಯ ಗೂಡಿನಲ್ಲಿರುತ್ತಿತ್ತು. ಕುಡಿದು ತಾನೇ ತೊಳೆದಿಡುತ್ತಿದ್ದಳು. ಒಳಗೆ ಬಾ ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ನನಗಿಂತ ಮೂವತ್ತು ವರ್ಷ ದೊಡ್ಡವಳು. ನಾನು ಅವಳಿಗೆ 'ನೀ' ಅನ್ನುತ್ತಿದ್ದೆ, ಅವಳು ನನಗೆ 'ಅಕ್ಕಾರ' ಅನ್ನುತ್ತಿದ್ದಳು.

ಆ ವರ್ಷ ಅವ್ವನ ಸೀರೆಗಳ ಕೌದಿಗೆ ಕುಳಿತಿದ್ದಳು. ಗಿರಾಕಿ ಇರಲಿಲ್ಲ. ಸುಮ್ಮನೆ ಬಾಗಿಲಲ್ಲಿ ನಿಂತು, "ಯಾವ ತುಂಡು ಎಲ್ಲಿ ಅಂತ ಹೆಂಗ ಗೊತ್ತಾಕ್ಕೈತಿ ದುರಗವ್ವ?" ಎಂದು ಕೇಳಿದೆ.

"ಒಂದ ಬಣ್ಣದ ಅರಿವಿ ಮಗ್ಗಲಾ ಮಗ್ಗಲಾ ಇಡಬಾರದ್ರಿ ಅಕ್ಕಾರ," ಅಂದಳು. "ಒಂದ ಮನಿ ಸೊಸ್ತ್ಯಾರಿದ್ದಂಗ. ಜಗಳಾಡ್ತಾವು."

ನನಗೆ ನಗು ಬಂತು. ಆಮೇಲೆ ನೋಡಿದರೆ ಹೊಲಿಗೆ ಎಲ್ಲ ಕಡೆ ಒಂದೇ ಅಳತೆಯಲ್ಲಿರಲಿಲ್ಲ. ಅವ್ವನ ಸೀರೆಯ ಮೇಲೆ ಉದ್ದುದ್ದ, ಆಯಿಯ ಕೆಂಪು ಇಳಕಲ್ ತುಂಡಿನ ಮೇಲೆ ಮಾತ್ರ ಸಣ್ಣ ಸಣ್ಣ, ಒತ್ತೊತ್ತಾಗಿ. ಯಾಕೆ ಅಂದೆ.

"ಬದುಕಿದವ್ರ ಅರಿವಿಗೆ ಉದ್ದ ಹೊಲಿಗಿ ಹಾಕ್ಬೇಕ್ರಿ. ಅವ್ರಿಗೆ ಉಸಿರಾಡಾಕ ಜಾಗಾ ಬೇಕಲ್ರಿ. ಸತ್ತವ್ರ ಅರಿವಿಗೆ ಸಣ್ಣ ಹೊಲಿಗಿ. ಅವ್ರ ಅರಿವಿ ಮತ್ತ ಸಿಗೂದಿಲ್ಲ, ಹರೀಬಾರ್ದು."

ಇನ್ನೊಂದು ಮಾತೂ ಅವತ್ತೇ ಹೇಳಿದಳು. ಪ್ರತಿ ಕೌದಿಯ ಕೊನೆಯ ಮೂಲೆಗೆ ಅವಳು ತನ್ನದೇ ಸೀರೆಯ ಅಂಗೈಯಗಲ ತುಂಡು ಹಚ್ಚುತ್ತಿದ್ದಳು. ಹೊಲಿದವಳು ಯಾರೆಂದು ಕೌದಿಗೆ ಗೊತ್ತಿರಬೇಕಂತೆ. ಅದೊಂದು ಹಸಿರು ಸೀರೆ, ಗಂಡನ ಜೊತೆ ಹುಲಗೂರಿನ ದರ್ಗಾಕ್ಕೆ ಹೋದಾಗ ಅವನು ಕೊಡಿಸಿದ್ದು. ಉಡಲು ಬಾರದಷ್ಟು ಹಳತಾದ ಮೇಲೆ ಅದನ್ನು ತುಂಡು ತುಂಡಾಗಿ ಊರವರ ಕೌದಿಗಳಲ್ಲಿ ಹಂಚುತ್ತಾ ಬಂದಿದ್ದಳು. ಇದು ಎಲ್ಲ ಹೊಲಿಯುವವರ ಪದ್ಧತಿಯೋ ಅವಳೊಬ್ಬಳದೋ — ನಾನು ಕೇಳಲಿಲ್ಲ. ಆಗ ನನ್ನ ತಲೆ ಬೇರೆಲ್ಲೋ ಓಡುತ್ತಿತ್ತು. ಅವಳು ಹೇಳಿದ್ದೆಲ್ಲ ಕೋಡಿನಲ್ಲಿ ಬರೆಯಬಹುದಾದ ನಿಯಮಗಳು ಎಂದು ನನಗೆ ಹೊಳೆದುಬಿಟ್ಟಿತ್ತು.

ಲ್ಯಾಪ್‌ಟಾಪನ್ನು ಕಟ್ಟೆಗೆ ತಂದೆ. ಅವಳನ್ನು ಒಳಗೆ ಕರೆಯುವುದಕ್ಕಿಂತ ಅದನ್ನು ಹೊರಗೆ ತರುವುದು ನನಗೆ ಸುಲಭವಾಗಿತ್ತು. ಒಂದೊಂದು ತುಂಡಿಗೂ ಒಂದೊಂದು ಸಾಲು ಬರೆದೆ. ಯಾರ ಬಟ್ಟೆ, ಯಾವ ಬಣ್ಣ, ಕೊನೆಗೆ ಒಂದು ಅಂಕಿ. ಒಂದು ಎಂದರೆ ಬದುಕಿದ್ದಾರೆ, ಸೊನ್ನೆ ಎಂದರೆ ಇಲ್ಲ. ಒಂದಕ್ಕೆ ಉದ್ದ ಹೊಲಿಗೆ, ಸೊನ್ನೆಗೆ ಸಣ್ಣ ಹೊಲಿಗೆ. ಆಯಿಗೆ ಸೊನ್ನೆ, ಅವ್ವನಿಗೆ ಒಂದು, ನನಗೆ ಒಂದು, ಮೂಲೆಯ ಹಸಿರು ತುಂಡಿಗೆ — ದುರಗವ್ವನಿಗೆ — ಒಂದು. ಗುಂಡಿ ಒತ್ತಿದರೆ ದಾರ ಅಂಚಿನಿಂದ ಹೊರಟು, ಸುತ್ತಿ ಸುತ್ತಿ ಒಳಗೆ ಬಂದು ಕೌದಿ ತುಂಬಿ, ಕಡೆಗೆ ಮೂಲೆಯ ಹಸಿರು ತುಂಡಿನಲ್ಲಿ ನಿಲ್ಲುತ್ತಿತ್ತು. ಪ್ರತಿ ಸಲ ಉಳಿದ ತುಂಡುಗಳ ಜಾಗ ಬೇರೆ, ಕೌದಿ ಬೇರೆ.

ದುರಗವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. "ಇದು ಮಷಿನ್ ಹೊಲಿಗಿ ಆತ್ರಿ ಅಕ್ಕಾರ," ಅಂದಳು. "ಮನಶ್ಯಾ ಹೊಲದಂಗಿಲ್ಲ. ಚಾ ಕುಡ್ಯಾಕ ಎದ್ದು, ಮತ್ತ ಬಂದು ಕುಂತಾಗ ಹೊಲಿಗಿ ಜರಾ ಸೊಟ್ಟ ಆಕ್ಕೈತಿ. ಅದನ್ನೂ ಹಾಕ್ರಿ."

ಹಾಕಿದೆ. ಇಷ್ಟು ಹೊಲಿಗೆಯಾದ ಮೇಲೆ ದಾರ ಚೂರು ನಿಂತು, ಕೂದಲೆಳೆಯಷ್ಟು ಓರೆಯಾಗಿ ಮತ್ತೆ ಹೊರಡಬೇಕೆಂದು ಬರೆದೆ. ಅದೊಂದು ಸಾಲಿನಿಂದ ಚಿತ್ರಕ್ಕೆ ಜೀವ ಬಂತು. ಆ ಇಡೀ ತಿಂಗಳು ಹಾಗೇ ನಡೆಯಿತು. ಅವಳು ಹೇಳುವುದು, ನಾನು ಬರೆಯುವುದು. ಮುದುಕರಾದವರು ಹೊಲಿದರೆ ಸಾಲು ಮೇಲಕ್ಕೆ ಹತ್ತುತ್ತದೆ ಅಂದಳು, ಅದನ್ನೂ ಬರೆದೆ. ಸಿಟ್ಟಿನಲ್ಲಿ ಹೊಲಿದರೆ ಬಟ್ಟೆ ಜಗ್ಗುತ್ತದೆ ಅಂದಳು, ಅದು ನನ್ನ ಕೈಲಾಗಲಿಲ್ಲ. "ನಿಮ್ಮ ಡಬ್ಬಿಗೆ ಸಿಟ್ಟು ಬರೂದಿಲ್ಲ, ನಿಮಗಷ್ಟ ಬರ್ತೈತಿ" ಎಂದು ಚೇಷ್ಟೆ ಮಾಡಿದಳು. ಅವಳಷ್ಟು ಸಲೀಸಾಗಿ ನನ್ನನ್ನು ಛೇಡಿಸುವವರು ಬೇರೆ ಯಾರೂ ಇರಲಿಲ್ಲ. ಆ ಒಂದು ತಿಂಗಳಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಧಾರವಾಡದಲ್ಲಿ ಇಂಥ ಚಿತ್ರಗಳ ಒಂದು ಪ್ರದರ್ಶನ ನಡೆಯಲಿತ್ತು. ಆ ಗುಂಪಿನಲ್ಲೇ ಸುದ್ದಿ ಬಂತು. ಕಳಿಸಿದೆ. ಅರ್ಜಿಯಲ್ಲಿ 'ಪ್ರೇರಣೆ ಎಲ್ಲಿಂದ' ಎಂಬ ಪ್ರಶ್ನೆಯಿತ್ತು. ದುರಗವ್ವನ ಹೆಸರು, ಊರು, ಉದ್ದ ಹೊಲಿಗೆ ಸಣ್ಣ ಹೊಲಿಗೆಯ ವಿಚಾರ, ಹಸಿರು ತುಂಡು, ಎಲ್ಲ ಬರೆದೆ. ಆಗ ನನ್ನ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಚಿತ್ರ ಆಯ್ಕೆಯಾಯಿತು, ಒಂದು ಇಡೀ ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸುತ್ತಾರಂತೆ ಎಂದು ಅವಳಿಗೆ ಹೇಳಿದಾಗ ಸೂಜಿ ಕೆಳಗಿಟ್ಟಳು.

"ಗ್ವಾಡಿ ತುಂಬ ಬರ್ತೈತೇನ್ರಿ ಅಕ್ಕಾರ? ನಮ್ಮ ಕೌದಿ?" ಅಂದಳು. ಆಮೇಲೆ, "ನಾನೂ ಒಂದ ಸಲ ಬಂದು ನೋಡ್ಲೇನ್ರಿ?"

"ನೋಡೂಣು" ಅಂದೆ. ಅದು ಸುಳ್ಳಲ್ಲ. ಅವತ್ತಿಗೆ ಇನ್ನೂ ಕರೆದುಕೊಂಡು ಹೋಗುವ ಮನಸ್ಸಿತ್ತು.

ನಾಲ್ಕು ದಿನಕ್ಕೆ ಫೋನ್ ಬಂತು. ಪ್ರದರ್ಶನ ನಡೆಸುವ ಒಬ್ಬ ಹೆಣ್ಣುಮಗಳು. ಬಹಳ ಸೌಜನ್ಯದ ದನಿ. "ನಿಮ್ಮ ಟಿಪ್ಪಣಿ ಓದಿ ನಮಗೆಲ್ಲ ಕಣ್ಣು ತುಂಬಿ ಬಂತು," ಅಂದರು. "ಇಬ್ಬರ ಹೆಸರನ್ನೂ ಹಾಕುತ್ತೇವೆ. ಅವರದು ಮೊದಲು, ನಿಮ್ಮದು ಆಮೇಲೆ. ವಿನ್ಯಾಸ ಅವರದು, ಕೋಡ್ ನಿಮ್ಮದು, ಅಲ್ಲವೇ? ಇಬ್ಬರೂ ಬನ್ನಿ, ವೇದಿಕೆಯ ಮೇಲೆ ಇಬ್ಬರೂ ಕುಳಿತು ಮಾತಾಡಿ. ಅವರು ಇದ್ದಾರೆ ತಾನೇ?"

ಇದ್ದಾಳೆ ಅಂದರೆ ಸಾಕಿತ್ತು. ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು.

ನನ್ನ ತಲೆಯಲ್ಲಿ ಏನೇನು ಓಡಿತೆಂದು ಮುಚ್ಚಿಡುವುದಿಲ್ಲ. ಅವರದು ಮೊದಲು, ನಿಮ್ಮದು ಆಮೇಲೆ — ಅದು ಚುಚ್ಚಿತು. ಹನ್ನೊಂದು ವರ್ಷ ಊರಿಗೆಲ್ಲ ಡಿಟಿಪಿ ಅಕ್ಕ ಆಗಿದ್ದವಳನ್ನು ಮೊದಲ ಸಲ ಯಾರೋ ಕಲಾವಿದೆ ಅಂದಿದ್ದರು, ಅದನ್ನು ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಅವಳು ವೇದಿಕೆಯ ಮೇಲೆ ಕುಳಿತು, "ನಾ ಹೇಳಿದ್ನಿರಿ, ಅಕ್ಕಾರು ಬರ್ಕೊಂಡ್ರು" ಅಂದುಬಿಟ್ಟರೆ — ಅಷ್ಟಕ್ಕೂ ಅದೇ ಸತ್ಯ. ಇನ್ನೂ ಒಂದಿತ್ತು. ಅವಳ ಪಕ್ಕ ಕುಳಿತು ಬಸ್ಸಿನಲ್ಲಿ ಹೋಗುವುದು, ಒಂದೇ ಕೋಣೆಯಲ್ಲಿ ಇಳಿದುಕೊಳ್ಳುವುದು, ಒಂದೇ ಮೇಜಿನಲ್ಲಿ ಉಣ್ಣುವುದು, ಅದು ಅವ್ವನ ಕಿವಿಗೆ ಬೀಳುವುದು. ಗೂಡಿನಲ್ಲಿದ್ದ ಆ ಲೋಟ ನನ್ನೊಳಗೂ ಇತ್ತು. ಓದಿದವಳು, ನನಗೆ ಅಂಥದ್ದೆಲ್ಲ ಇಲ್ಲ ಅಂದುಕೊಂಡಿದ್ದೆ.

"ಇಲ್ಲರಿ, ಹ್ವಾದ ವರ್ಷ ತೀರಿಕೊಂಡ್ರು."

ಪಕ್ಕದ ಗಿರಣಿ ನಡೆಯುತ್ತಿತ್ತು. ದುರಗವ್ವನಿಗೆ ಕೇಳಿಸಿರಲಿಕ್ಕಿಲ್ಲ. ಅತ್ತ ಕಡೆಯವರು "ಅಯ್ಯೋ" ಅಂದರು. ಆಮೇಲೆ ಮೆತ್ತಗೆ, "ಹಾಗಾದರೆ ಅವರ ಹಸಿರು ತುಂಡಿನ ಮೇಲೆ ಸಣ್ಣ ಹೊಲಿಗೆ ಬರಬೇಕಲ್ಲವೇ? ನೀವು ಕಳಿಸಿದ ಚಿತ್ರದಲ್ಲಿ ಉದ್ದ ಇದೆ" ಅಂದರು. ಅವರದೇನು ತಪ್ಪು? ನನ್ನ ಟಿಪ್ಪಣಿಯನ್ನು ಮನಸ್ಸಿಟ್ಟು ಓದಿದ್ದರು. "ಹೌದ್ರಿ, ಮರ್ತಿದ್ದೆ, ತಿದ್ದಿ ಕಳಿಸ್ತೇನಿ" ಅಂದೆ. ಲ್ಯಾಪ್‌ಟಾಪ್ ತೆರೆದು ಆ ಸಾಲು ಹುಡುಕಿದೆ. ಒಂದನ್ನು ಅಳಿಸಿ ಸೊನ್ನೆ ಒತ್ತಿದೆ. ಎರಡು ಸಲ ಕೇಳುವ ರೂಢಿಯವಳು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಹೊರಗೆ ಬಂದಾಗ, "ಯಾರ ಫೋನ್ರಿ, ಧಾರವಾಡದಾವರದೇನ್ರಿ?" ಅಂದಳು.

"ಹೌದು. ಅಲ್ಲೆ ಹೊರಗಿನವ್ರಿಗೆ ಬಿಡೂದಿಲ್ಲಂತ ದುರಗವ್ವ. ಪಾಸ್ ಬೇಕಂತ."

"ಇರ್ಲಿ ಬಿಡ್ರಿ," ಅಂದಳು. "ನೀವು ನೋಡಿ ಬಂದು ಹೇಳ್ರಿ."

ಧಾರವಾಡದಲ್ಲಿ ಗೋಡೆಯ ತುಂಬ ಕೌದಿ ಮೂಡಿತು. ನಿಜ ಹೇಳುತ್ತೇನೆ, ಬಹಳ ಚೆಂದವಿತ್ತು. ದಾರ ಅಂಚಿನಿಂದ ಹೊರಟು, ಚಹಾ ಕುಡಿಯಲು ನಿಂತು, ಸೊಟ್ಟಗೆ ಮತ್ತೆ ಹೊರಟಾಗ ಜನ ನಕ್ಕರು. ಕೈಪುಸ್ತಕದಲ್ಲಿ ನನ್ನ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣದಾಗಿ 'ಪ್ರೇರಣೆ: ದಿ. ದುರಗವ್ವ, ಹತ್ತಿಮತ್ತೂರು' ಎಂದಿತ್ತು. ಮಾತಿಗೆ ಮೊದಲು ಆ ಹೆಣ್ಣುಮಗಳು ಎದ್ದು, "ದುರಗವ್ವನವರ ನೆನಪಿಗೆ ಒಂದು ನಿಮಿಷ ಮೌನ" ಅಂದರು. ಎಲ್ಲರೂ ಎದ್ದು ನಿಂತರು. ನಾನೂ ನಿಂತೆ. ತಲೆ ತಗ್ಗಿಸಿದೆ. ಊಟದ ಹೊತ್ತಾಗಿತ್ತು, ಅವಳು ಯಾರದೋ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಿರಬೇಕು. ಆದರೂ ಬಾಯಿ ಬಿಡಲಿಲ್ಲ. ಆಮೇಲೆ ವೇದಿಕೆಯ ಮೇಲೆ ಕುಳಿತು ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು.

ಪ್ರದರ್ಶನದವರು ಆ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ನನಗೊಂದು ಕೊಟ್ಟರು. ಎರಡು ತಿಂಗಳು ಅದು ಕಪಾಟಿನಲ್ಲಿತ್ತು. ದುರಗವ್ವ ಮೊಣಕಾಲು ನೋವೆಂದು ಸವಣೂರಿಗೆ ಬರುವುದು ನಿಲ್ಲಿಸಿದ್ದಳು. ಬಂದುಹೋಗುವವರ ಕೈಯಲ್ಲಿ, "ಗ್ವಾಡಿ ಮ್ಯಾಲೆ ಹೆಂಗ ಕಂಡ್ತು ಕೇಳ್ರಿ" ಎಂದು ಹೇಳಿ ಕಳಿಸುತ್ತಿದ್ದಳು. ಕೊನೆಗೆ ಆ ಬಟ್ಟೆ ತೆಗೆದುಕೊಂಡು ಹತ್ತಿಮತ್ತೂರಿನ ಬಸ್ಸು ಹತ್ತಿದೆ. ಯಾಕೆ ಹೋದೆ? ಅವಳಿಗೆ ಓದಲು ಬರುವುದಿಲ್ಲ, ಚಿತ್ರ ನೋಡಿ ಖುಷಿಪಡುತ್ತಾಳೆ, ಆ ಖುಷಿಯಿಂದ ನನ್ನ ಎದೆಯ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ನನ್ನನ್ನು ನೋಡಿ ಅವಳಿಗಾದ ಸಂಭ್ರಮ ಹೇಳತೀರದು. "ಅಕ್ಕಾರ ನಮ್ಮನಿಗೆ ಬಂದಾರ" ಎಂದು ಸೊಸೆ ಗಂಗವ್ವನನ್ನು ಕೂಗಿದಳು. ಒಳಗೆ ಕರೆದು, ಚಾಪೆ ಹಾಸಿ, ಡಬ್ಬಿಯಿಂದ ಹೊಸ ಲೋಟ ತೆಗೆದು ಎರಡು ಸಲ ತೊಳೆದು ಅದರಲ್ಲಿ ಚಹಾ ಕೊಟ್ಟಳು. ಕುಡಿದೆ. ಬಟ್ಟೆ ಬಿಚ್ಚಿ ಅವಳ ತೊಡೆಯ ಮೇಲೆ ಹರವಿದೆ.

ಅವಳು ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡುತ್ತಾ ಹೋದಳು. ಚಿತ್ರವನ್ನು ನಾವು ನೋಡುವಂತೆ ದೂರದಿಂದಲ್ಲ. ಅಂಚಿನಿಂದ, ದಾರದ ಹಿಂದೆಯೇ. "ಇದು ನಿಮ್ಮ ಆಯಿಯಾರ್ದು. ಸಣ್ಣ ಹೊಲಿಗಿ, ಬರೋಬ್ಬರಿ ಐತಿ. ಇದು ನಿಮ್ಮ ಅವ್ವಾರದು, ಉದ್ದ. ನೂರು ವರ್ಷ ಇರ್ಲಿ. ಇದು ನಿಮ್ದು." ಬೆರಳು ಸುತ್ತಿ ಸುತ್ತಿ ಕೊನೆಯ ಮೂಲೆಗೆ ಬಂತು. ಆಗ — ಆಗ ನನಗೆ ನೆನಪಾಯಿತು. ಅಕ್ಷರ ಓದಲು ಬಾರದವಳು, ಆದರೆ ಹೊಲಿಗೆ ಓದಲು ನನಗೆ ಕಲಿಸಿದವಳೇ ಅವಳು.

ಬೆರಳು ಹಸಿರು ತುಂಡಿನ ಮೇಲೆ ನಿಂತಿತು. ಒಮ್ಮೆ ಉಜ್ಜಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಮತ್ತೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನನ್ನ ಯಾವಾಗ ಕಳಿಸಿದಿ, ಮಗಳ?"

ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಸಿಟ್ಟಿರಲಿಲ್ಲ. ಹೆತ್ತವಳು ಕೇಳಿದ ಹಾಗಿತ್ತು. ಆ ಗಳಿಗೆಯಲ್ಲಾದರೂ ಕಾಲು ಹಿಡಿದಿದ್ದರೆ, ಅತ್ತಿದ್ದರೆ, ತಪ್ಪಾತು ಅಂದಿದ್ದರೆ... ನಾನು ಅಂದದ್ದು ಇಷ್ಟು: "ಅದು ಕಂಪ್ಯೂಟರ್ ತಪ್ಪು ಮಾಡೈತಿ, ದುರಗವ್ವ."

ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ಅದಕ್ಕೆ ಏನು ಹೇಳಿದರೆ ಅದನ್ನೇ ಮಾಡುತ್ತದೆ. ಅದರ ಮುಂದೆ ಒಂದು ತಿಂಗಳು ನನ್ನ ಜೊತೆ ಕುಳಿತವಳಿಗೆ ಅಷ್ಟು ಗೊತ್ತಿರಲಿಲ್ಲವೇ?

"ಹೌದನ," ಅಂದಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. "ಹಂಗಾರ ಅದಕ್ಕ ಹೇಳ್ರಿ, ತಿದ್ದಾಕ." ಮತ್ತೆ 'ರಿ' ಬಂದಿತ್ತು. ಆಮೇಲೆ ನನ್ನ ಮುಖ ಹೇಗಾಗಿತ್ತೋ, ಅವಳೇ ನನಗೆ ಸಮಾಧಾನ ಹೇಳಿದಳು. "ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಕ್ಕೈತಂತ್ರಿ. ನನ್ನವು ಒಂದ ಹತ್ತು ವರ್ಷ ಹೆಚ್ಚಾದ್ವು ಬಿಡ್ರಿ." ನಕ್ಕಳು. ಬಸ್ಸಿನ ತನಕ ಕಳಿಸಲು ಕುಂಟುತ್ತಾ ಬಂದಳು. ದಾರಿಯಲ್ಲಿ ನನ್ನ ಹಳೆಯ ಚೂಡಿದಾರದ ಓಢಣಿ ಒಂದಿದ್ದರೆ ಕಳಿಸಲು ಹೇಳಿದಳು. ಯಾಕೆಂದು ಕೇಳಲಿಲ್ಲ, ಕಳಿಸಿದೆ.

ಒಂದು ಅಂಕಿ. ತಿದ್ದಲು ಎಷ್ಟು ಹೊತ್ತು ಬೇಕು? ಆದರೆ ಅಂಕಿ ತಿದ್ದಿದರೆ ಕೈಪುಸ್ತಕ ತಿದ್ದಬೇಕು, ಧಾರವಾಡಕ್ಕೆ ಫೋನ್ ಮಾಡಬೇಕು, ಮೌನ ನಿಂತವರಿಗೆಲ್ಲ ಉತ್ತರ ಕೊಡಬೇಕು. ಅಷ್ಟರಲ್ಲಿ ಬೇರೆ ಊರಿನ ಇನ್ನೊಂದು ಪ್ರದರ್ಶನದವರು ಅದೇ ಚಿತ್ರ ಕೇಳಿದರು. ಸೊನ್ನೆಯಿದ್ದ ಹಾಗೇ ಕಳಿಸಿದೆ. ನಾಳೆ ತಿದ್ದುತ್ತೇನೆ, ಈ ಪ್ರದರ್ಶನ ಮುಗಿಯಲಿ, ದುರಗವ್ವನ ಕಾಲು ನೋವು ಇಳಿದು ಅವಳೇ ಸವಣೂರಿಗೆ ಬರಲಿ, ಅವಳೆದುರಿಗೇ ತಿದ್ದಿ ತೋರಿಸುತ್ತೇನೆ — ಹೀಗೆ ಎಂಟು ತಿಂಗಳು ಕಳೆದೆ. ಹತ್ತಿಮತ್ತೂರಿಗೆ ಮತ್ತೆ ಹೋಗಲಿಲ್ಲ.

ಒಂದು ದಿನ ಗಂಗವ್ವ ಬಂದಳು. ಕಂಕುಳಲ್ಲಿ ದೊಡ್ಡ ಗಂಟು. ಕಟ್ಟೆಯ ಮೇಲೆ ಇಳಿಸಿ, "ಅತ್ತಿ ಹ್ವಾದ್ಲರಿ ಅಕ್ಕಾರ," ಅಂದಳು. "ಹದಿನೈದು ದಿನ ಆತು. ಇದು ನಿಮಗ ಕೊಡಾಕ ಹೇಳಿದ್ಲು."

"ಹದಿನೈದು ದಿನ? ನನಗ್ಯಾಕ ಹೇಳಿ ಕಳಿಸ್ಲಿಲ್ಲ ಗಂಗವ್ವ?"

"ಕಳಿಸ್ಬೇಕಂತಿದ್ವಿರಿ. ಅತ್ತೀನ ಬ್ಯಾಡ ಅಂದಿದ್ಲು." ಗಂಗವ್ವ ತಡವರಿಸಿದಳು. "ನಾ ಹ್ವಾದ್ರ ಅಕ್ಕಾರಿಗೆ ಹೇಳಾಕ ಹೋಗಬ್ಯಾಡ್ರಿ, ಅವ್ರಿಗೆ ಮೊದಲ ಗೊತ್ತೈತಿ ಅಂತಿದ್ಲು. ಯಾಕ ಹಂಗಂದ್ಲೋ ನಮಗ ತಿಳೀಲಿಲ್ರಿ."

ನಾನು ತಿಳಿಸಿ ಹೇಳಲಿಲ್ಲ. ಗಂಟು ಬಿಚ್ಚಿದೆ. ಕೌದಿ. ನಡುವೆ ನನ್ನ ಹಳದಿ ಓಢಣಿ, ಅದರ ಮೇಲೆ ಉದ್ದುದ್ದ ಹೊಲಿಗೆ. ನನಗೆ ಉಸಿರಾಡಲು ಜಾಗ ಬಿಟ್ಟಿದ್ದಳು. ಕೊನೆಯ ಮೂಲೆಯಲ್ಲಿ ಹಸಿರು ತುಂಡು, ಆ ಸೀರೆಯಲ್ಲಿ ಉಳಿದದ್ದು ಅಷ್ಟೇ ಇರಬೇಕು. ಅದರ ಮೇಲೆ ಸಣ್ಣ ಹೊಲಿಗೆ. ಕೈ ನಡುಗಿ ಸೊಟ್ಟಸೊಟ್ಟಾಗಿದ್ದವು, ಆದರೆ ಒತ್ತೊತ್ತಾಗಿ, ಒಂದಕ್ಕೊಂದು ಅಂಟಿದ ಹಾಗೆ.

"ಈ ಮೂಲಿ ನೀ ಹೊಲದೇನು ಗಂಗವ್ವ?"

"ಇಲ್ಲರಿ, ಎಲ್ಲಾ ಅತ್ತೀದ. ಆ ತುಂಡಿಗೆ ನಾಕು ದಿನಾ ಹಿಡೀತರಿ. ಉದ್ದ ಹಾಕು, ನೀ ಬದುಕೀದಿ ಅಂದ್ನಿ. ಕೇಳ್ಲಿಲ್ಲ. ಅಕ್ಕಾರ ಚಿತ್ರದಾಗ ಹೆಂಗೈತಿ ಹಂಗ ಇರ್ಬೇಕು, ಅವ್ರು ಮಂದಿ ಮುಂದ ಸುಳ್ಳಾಗಬಾರ್ದು ಅಂದ್ಲು."

ಗಂಗವ್ವನಿಗೆ ಅವತ್ತು ಒಳಗೆ ಬಾ ಅಂದೆ. ಬರಲಿಲ್ಲ. ಬಸ್ಸಿಗೆ ಹೊತ್ತಾತು ಅಂದು ಹೋದಳು.

ಆ ಫೋನ್ ಬಂದು ಈಗ ಮೂರು ವರ್ಷ. ಪ್ರದರ್ಶನ ನಡೆಸಿದವರಿಗೆ ಮೊನ್ನೆ ಎಲ್ಲ ಬರೆದು ಕಳಿಸಿದ್ದೇನೆ. ಅವಳು ಸತ್ತದ್ದು ಯಾವಾಗ, ನಾನು ಸಾಯಿಸಿದ್ದು ಯಾವಾಗ, ಎರಡೂ. ಆ ಚಿತ್ರದಿಂದ ನನ್ನ ಹೆಸರು ತೆಗೆದು ಅವಳ ಹೆಸರೊಂದನ್ನೇ ಇಡಲು ಕೇಳಿಕೊಂಡಿದ್ದೇನೆ. ಹತ್ತಿಮತ್ತೂರಿಗೆ ಹೋಗಿ ಗಂಗವ್ವನಿಗೂ ಹೇಳಿ ಬಂದೆ. ಅವಳು ಚಹಾ ಕೊಡಲಿಲ್ಲ. ಗೂಡಿನ ಲೋಟ ಈಗ ನಮ್ಮ ಅಡುಗೆಮನೆಯಲ್ಲಿದೆ, ನಾನು ಅದರಲ್ಲೇ ಕುಡಿಯುತ್ತೇನೆ. ಇದರಿಂದ ನೀನು ಗೋಡೆ ನೋಡಿದ ಹಾಗಾಗುವುದಿಲ್ಲ, ದುರಗವ್ವ, ಅದು ನನಗೆ ಗೊತ್ತು.

ನಿನ್ನೆ ಆ ಕೋಡ್ ತೆರೆದೆ. ತಿದ್ದಾಕ ಹೇಳ್ರಿ ಅಂದಿದ್ದಿ. ನಿನ್ನ ಸಾಲಿಗೆ ಹೋಗಿ ಸೊನ್ನೆಯ ಮುಂದೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ನೀನು ಹೇಳಿದ ಮೇಲೂ ಎಂಟು ತಿಂಗಳು ಅದು ಸುಳ್ಳಾಗಿತ್ತು, ತಿದ್ದಲಿಲ್ಲ. ಈಗ ಅದು ನಿಜ. ತಿದ್ದುವ ಹಾಗಿಲ್ಲ.